ಜರ್ಮನ್ ಓದುವ ಸೊಸೆ

ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಜರ್ಮನ್ ಭಾಷೆಯನ್ನು ಗಟ್ಟಿಯಾಗಿ ಓದಬಲ್ಲ ಹೆಂಗಸು ಒಬ್ಬಳೇ ಇದ್ದಳು. ಚಳ್ಳಕೆರೆಯ ಕಂಬಳಿ ಸಾಹುಕಾರ ಮುರುಗೇಂದ್ರಪ್ಪನ ಹಿರಿಸೊಸೆ ಜಗದಾಂಬ. ಓದಿದ್ದರಲ್ಲಿ ಒಂದು ಮಾತೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗಬೇಕೆಂದು ಆ ಮನೆಯಲ್ಲಿ ಯಾರಿಗೂ ಅನಿಸಿಯೂ ಇರಲಿಲ್ಲ. ಗಾಣಕ್ಕೆ ಕಟ್ಟಿದ ಎತ್ತಿಗೆ ಎಣ್ಣೆ ಯಾರ ಮನೆಗೆ ಹೋಗುತ್ತದೆಂದು ಯಾರಾದರೂ ಕೂತು ಹೇಳುತ್ತಾರೆಯೇ?

ಅವಳ ಗಂಡ ಹಾಲೇಶಪ್ಪ ಹುಡುಗನಾಗಿದ್ದಾಗ ಧಾರವಾಡದ ಕಡೆ ಪಾದ್ರಿಗಳ ಶಾಲೆಯಲ್ಲಿ ಓದಿದವನು. ಅಲ್ಲಿ ಒಬ್ಬ ಮುದುಕ ಜರ್ಮನ್ ಮೇಷ್ಟ್ರು ಅವನ ಬುದ್ಧಿಗೆ ಮೆಚ್ಚಿ ತನ್ನ ಭಾಷೆಯನ್ನು ಧಾರೆ ಎರೆದಿದ್ದ. ಆಮೇಲೆ ಮದರಾಸಿಗೆ ಹೋಗಿ ಬಿ.ಎ. ಮುಗಿಸಿದ. ಸರ್ಕಾರದ ನೌಕರಿ ಇನ್ನೇನು ಕೈಗೆ ಬಂತು ಅನ್ನುವಾಗ ಕಣ್ಣು ಮಂಜಾಗತೊಡಗಿತು. ದೊಡ್ಡಾಸ್ಪತ್ರೆ, ನಾಟಿ ವೈದ್ಯ, ಮಠದ ವಿಭೂತಿ, ಯಾವುದೂ ನಾಟಲಿಲ್ಲ. ಮೂವತ್ತು ತುಂಬುವುದರೊಳಗೆ ಬೆಳಕು ಯಾವ ಕಡೆಯಿದೆ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಊರಿನವರು ಅಯ್ಯೋ ಪಾಪ ಅಂದರು. ಹಾಲೇಶಪ್ಪನಿಗೆ ಕಣ್ಣು ಹೋದದ್ದಕ್ಕಿಂತ ಆ 'ಪಾಪ' ಹೆಚ್ಚು ಉರಿಯುತ್ತಿತ್ತು.

ಮದರಾಸಿನಲ್ಲಿ ಅವನಿಗೆ ಪಾಠ ಹೇಳಿದ್ದ ಪ್ರೆಸ್ಕಾಟ್ ದೊರೆ ಈಗ ಪಿಂಚಣಿ ತೆಗೆದುಕೊಂಡು ಬೆಂಗಳೂರಿನ ದಂಡಿನಲ್ಲಿದ್ದ. ಜರ್ಮನಿಯ ಒಬ್ಬ ತತ್ವಜ್ಞಾನಿಯ ಪುಸ್ತಕವನ್ನು ಇಂಗ್ಲಿಷಿಗೆ ತರಬೇಕೆಂದು ಲಂಡನ್ನಿನ ಅಚ್ಚುಕೂಟದವರೊಂದಿಗೆ ಮಾತಾಡಿಕೊಂಡಿದ್ದ ಅವನು ಕೆಲಸವನ್ನು ಹಾಲೇಶಪ್ಪನ ಮೇಲೆ ಹಾಕಿದ. ನಿನ್ನ ಹೆಸರು ಲಂಡನ್ನಿನಲ್ಲಿ ಅಚ್ಚಾಗುತ್ತದೆ ಅಂದ. ಸಂಕ್ರಾಂತಿ ಕಳೆದ ಮೇಲೆ ಹಡಗು ಹತ್ತುತ್ತೇನೆ, ಅಷ್ಟರೊಳಗೆ ಮುಗಿಸಿ ಕೊಡು ಅಂದ. ಹಾಲೇಶಪ್ಪನ ಮೈಯಲ್ಲಿ ಮತ್ತೆ ಜೀವ ಬಂದದ್ದು ಆ ದಿನ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಬೆಳಗಿನ ಲಿಂಗಪೂಜೆ, ರೊಟ್ಟಿ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಮೂರು ಜನ ಕೂರಬೇಕು. ಜಗದಾಂಬ ಪುಸ್ತಕ ಹಿಡಿದು ಜರ್ಮನ್ ಓದಬೇಕು. ಹಾಲೇಶಪ್ಪ ಕಣ್ಣು ಮುಚ್ಚಿ ಕೇಳಿ, ತೂಗಿ, ಇಂಗ್ಲಿಷಿನಲ್ಲಿ ಹೇಳಬೇಕು. ಅವನ ತಮ್ಮ ಅಜ್ಜಪ್ಪ, ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿ ಇಳಿದವನು, ಅದನ್ನು ಬರೆದುಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ, ಕಣ್ಣು ಪೂರಾ ಹೋಗುವ ಮುಂಚೆ, ಹಾಲೇಶಪ್ಪನೇ ಹಲಗೆಯ ಮೇಲೆ ದಪ್ಪದಾಗಿ ಬರೆದು ಅವಳಿಗೆ ಆ ಅಕ್ಷರ ಕಲಿಸಿದ್ದ. ಜಾಲಿಮುಳ್ಳಿನ ಹಾಗೆ ಎಲ್ಲ ಕಡೆಯಿಂದಲೂ ಚುಚ್ಚುವ ಅಕ್ಷರ. ಹದಿನಾರರ ಹುಡುಗಿ, ಗಂಡ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸುತ್ತಾನೆಂಬ ಸಂತೋಷಕ್ಕೇ ಕಲಿತುಬಿಟ್ಟಳು. ಅದನ್ನು ಪ್ರೀತಿಯೆಂದುಕೊಂಡಳು. ಈಗ ಅವನ ಕೈಯಲ್ಲಿ ಒಂದು ಸಣ್ಣ ಬೆತ್ತವಿತ್ತು. ಉಚ್ಚಾರ ತಪ್ಪಿದರೆ ಅದು ಅವಳ ಮಣಿಕಟ್ಟನ್ನು ಹುಡುಕಿಕೊಂಡು ಬರುತ್ತಿತ್ತು. ಕಣ್ಣಿಲ್ಲದವನ ಗುರಿ ಒಂದು ದಿನವೂ ತಪ್ಪಲಿಲ್ಲ.

ಅತ್ತೆ ಪಂಪಮ್ಮನಿಗೆ ಈ ಓದು ಕಂಡರೆ ಮೈ ಉರಿ. ಸೊಸೆಯನ್ನು ತಂದದ್ದು ರೊಟ್ಟಿ ಬಡಿಯಲಿಕ್ಕೋ ಪುರಾಣ ಓದಲಿಕ್ಕೋ ಎಂದು ದಿನಕ್ಕೊಂದು ಸಲ ಒಲೆಯ ಮುಂದೆ ಕೇಳುತ್ತಿದ್ದಳು. ಅದಕ್ಕೆ ಜಗದಾಂಬ ಕೋಳಿ ಕೂಗುವ ಮುಂಚೆ ಎದ್ದು ಕಸ, ನೀರು, ರೊಟ್ಟಿ ಎಲ್ಲ ಮುಗಿಸಿ ಓದಲು ಕೂರಬೇಕು. ಓದಿ ಎದ್ದ ಮೇಲೆ ಪಾತ್ರೆ ತೊಳೆದು, ಹುರುಳಿ ಬೇಯಿಸಿ, ಮುದ್ದೆ ತಿರುವಬೇಕು. ಗಂಟಲು ಒಣಗಿ ಸಾರಿನ ಖಾರ ಇಳಿಯುತ್ತಿರಲಿಲ್ಲ. ಎಷ್ಟೋ ದಿನ ಬರೀ ಮಜ್ಜಿಗೆ ಕುಡಿದು ಮಲಗಿದ್ದಳು.

ಮಾವ ಮುರುಗೇಂದ್ರಪ್ಪ ಮೊದಮೊದಲು ನಗುತ್ತಿದ್ದ. ಏನೈತೆ ಆ ಪುಸ್ತಕದಾಗೆ ಎಂದು ಒಂದು ದಿನ ಊಟಕ್ಕೆ ಕೂತಾಗ ಮಗನನ್ನು ಕೇಳಿದ. ಮನುಷ್ಯ ಒಳ್ಳೆಯವನಾಗಿರುವುದು ದೇವರ ಭಯಕ್ಕೂ ಅಲ್ಲ, ಸರ್ಕಾರದ ಭಯಕ್ಕೂ ಅಲ್ಲ, ಇನ್ನೊಬ್ಬರ ನೋವು ತನ್ನ ನೋವೆಂದು ಅನಿಸುವುದರಿಂದ, ಎಲ್ಲ ಧರ್ಮದ ಬೇರೂ ಆ ಮರುಕವೇ ಎಂದು ಹಾಲೇಶಪ್ಪ ವಿವರಿಸಿದ. ಮುರುಗೇಂದ್ರಪ್ಪ ಬಾಯಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು ನಕ್ಕ.

"ಇದೇನ್ಲಾ ಹೊಸದು? ನಮ್ಮ ಶರಣರು ಯಾವತ್ತೋ ಹೇಳಿಟ್ಟವ್ರೆ. ಇದನ್ನ ಇಂಗ್ಲಿಷ್ ಜನಕ್ಕೆ ಹೇಳಾಕೆ ಜರ್ಮನಿಯವನು ಬೇಕಾ, ಚಳ್ಳಕೆರೆಯವನು ಬೇಕಾ?"

ಹಾಲೇಶಪ್ಪ ಎಲೆಯ ಮುಂದಿನಿಂದ ಎದ್ದು ಹೋದ. ಆದರೆ ಅಮಲ್ದಾರರು ಒಂದು ಸಲ ಅಂಗಡಿಗೆ ಬಂದು, ನಿಮ್ಮ ಮಗ ದೊಡ್ಡ ಕೆಲಸ ಮಾಡುತ್ತಿದ್ದಾರಂತೆ ಎಂದು ಹೇಳಿದ್ದೇ ತಡ, ಮುರುಗೇಂದ್ರಪ್ಪನಿಗೆ ಮಗನ ಹೆಸರು ಲಂಡನ್ನಿನಲ್ಲಿ ಅಚ್ಚಾಗುವುದು ತನ್ನ ಹೆಸರೇ ಅಚ್ಚಾದಂತೆ ಕಾಣತೊಡಗಿತು. ಅಂದಿನಿಂದ ಪಡಸಾಲೆಯ ಹತ್ತಿರ ಯಾರೂ ಜೋರಾಗಿ ಕೆಮ್ಮುವಂತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಜಗದಾಂಬಳ ತವರು ಮೊಳಕಾಲ್ಮುರಿನಿಂದ ಸುದ್ದಿ ಬಂತು. ಗಾಡಿಯ ಮಾರಯ್ಯ ಅಲ್ಲಿಂದ ರೇಷ್ಮೆ ಸೀರೆ ತಂದು ಇಲ್ಲಿಂದ ಕಂಬಳಿ ಒಯ್ಯುವವನು. ಹದಿನೈದು ದಿನಕ್ಕೊಮ್ಮೆ ಬಂದಾಗಲೆಲ್ಲ ಜಗದಾಂಬಳ ತಾಯಿ ಕಳಿಸಿದ ಗುರೆಳ್ಳು ಚಟ್ನಿಪುಡಿಯ ಗಂಟನ್ನು ಹಿತ್ತಿಲ ಬಾಗಿಲಿಗೇ ತಂದುಕೊಡುತ್ತಿದ್ದ. ಈ ಸಲ ಗಂಟಿನ ಜೊತೆ ಮಾತೂ ತಂದಿದ್ದ. ತಾಯಿ ಕೈಕಾಲು ಬಾತು ಹಾಸಿಗೆ ಹಿಡಿದಿದ್ದಾಳೆ, ಮಗಳ ಮುಖ ಒಂದು ಸಲ ನೋಡಬೇಕಂತೆ. ಗಂಡ ಸತ್ತ ಮೇಲೆ ಒಬ್ಬಳೇ ಸೀರೆ ವ್ಯಾಪಾರ ಮಾಡಿ ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸು ಅವಳು, ಸುಮ್ಮಸುಮ್ಮನೆ ಯಾರನ್ನೂ ಕರೆಯುವವಳಲ್ಲ. ಜಗದಾಂಬ ಆ ಸಂಜೆಯೇ ಮಾವನ ಮುಂದೆ ಹೋಗಿ ನಿಂತಳು.

"ನಾಲ್ಕು ದಿನ ಹೋಗಿ ಬರ್ತೀನಿ ಮಾವ. ಅವ್ವ ಹಾಸಿಗೆ ಹಿಡಿದವ್ಳೆ."

"ಹೋಗಬ್ಯಾಡ ಅಂದೋರು ಯಾರವ್ವ? ಅಧ್ಯಾಯ ಮುಗಿಸಿ ಹೋಗು."

ಅಧ್ಯಾಯ ಯಾವಾಗ ಮುಗಿಯುತ್ತದೆಂದು ಗಂಡನನ್ನು ಕೇಳಿದಳು. ನೀನು ತಪ್ಪಿಲ್ಲದೆ ಓದಿದರೆ ಬೇಗ ಮುಗಿಯುತ್ತದೆ ಅಂದ. ಜಗದಾಂಬ ಅದನ್ನು ನಂಬಿದಳು. ಮರುದಿನದಿಂದ ಒಂದು ತಪ್ಪಿಲ್ಲದಂತೆ ಓದಿದಳು. ಬೆತ್ತಕ್ಕೆ ಕೆಲಸವೇ ಇಲ್ಲದಂತಾಯಿತು. ಆದರೆ ತಡವಾಗುತ್ತಿದ್ದದ್ದು ಅವಳ ಗಂಟಲಿನಲ್ಲಲ್ಲ. ಮರುಕ ಎನ್ನುವುದಕ್ಕೆ ಆ ತತ್ವಜ್ಞಾನಿ ಬಳಸಿದ ಮಾತಿಗೆ ಹಾಲೇಶಪ್ಪನಿಗೆ ಸರಿಯಾದ ಇಂಗ್ಲಿಷ್ ಸಿಗುತ್ತಿರಲಿಲ್ಲ. ಒಂದು ಮಾತು ಭಿಕ್ಷೆ ಹಾಕಿದಂತಿದೆ, ಇನ್ನೊಂದು ಚರ್ಚಿನ ವಾಸನೆ, ಮತ್ತೊಂದು ತೀರಾ ತಣ್ಣಗಿದೆ ಎಂದು ಎರಡು ದಿನ ಒಂದೇ ಸಾಲಿನ ಮೇಲೆ ಕೂತ. ಅದೇ ಸಾಲನ್ನು ಅವಳಿಂದ ಮತ್ತೆ ಮತ್ತೆ ಓದಿಸಿದ. ಆ ಎರಡು ದಿನವೂ ಅವಳು ಹೊತ್ತು ಮುಳುಗುವವರೆಗೆ ಎದ್ದು ನೀರು ಕುಡಿಯಲಿಲ್ಲ. ಮರುಕಕ್ಕೆ ಸರಿಯಾದ ಮಾತು ಹುಡುಕುವವನಿಗೆ ಇದೆಲ್ಲ ಎಲ್ಲಿ ಕಾಣಬೇಕು? ಕಣ್ಣಿಲ್ಲದ್ದು ಒಂದು ನೆಪ.

ಮುಂದಿನ ಸಲ ಮಾರಯ್ಯ ಬಂದಾಗ ಗಂಟು ಕೊಟ್ಟು, ಸ್ವಲ್ಪ ಹೊತ್ತು ನಿಂತ.

"ಗಾಡಿ ಸದ್ದಾದಾಗೆಲ್ಲ ಮಗಳು ಬಂದ್ಲಾ ಅಂತ ಕೇಳ್ತಾಳೆ ಕಣವ್ವ. ಕೂತ್ಕಂಡೇ ಕುಟ್ಟಿ ಕಳ್ಸ್ಯಾಳೆ ಈ ಪುಡೀನ."

ಜಗದಾಂಬ ಒಳಗೆ ಹೋಗಿ ಒಂದು ಸೀರೆ ಸುತ್ತಿಕೊಂಡು ಬಂದವಳೇ ಮಾರಯ್ಯನ ಹಿಂದೆ ನಡೆದಳು. ಸಂತೆಪೇಟೆಯ ತಿರುವಿನಲ್ಲಿ ಗಾಡಿ ಹತ್ತುವಷ್ಟರಲ್ಲಿ ಮುರುಗೇಂದ್ರಪ್ಪ ಬಂದು ನಿಂತ. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಹತ್ತು ಅಂಗಡಿಯವರಿಗೆ ಕೇಳುವಂತೆ, ಮನೆಯ ದೊಡ್ಡ ಸೊಸೆ ಹೇಳದೆ ಕೇಳದೆ ಗಾಡಿ ಹತ್ತಿದರೆ ನಾನು ಮಠದ ಮುಂದೆ ತಲೆ ಎತ್ತಿ ಹೋಗುವುದು ಹೇಗವ್ವ ಎಂದು ಮೆತ್ತಗೆ ಕೇಳಿದ. ಅವಳು ಇಳಿದಳು. ಬೀದಿಯ ಉದ್ದಕ್ಕೂ ಮಾವ ಮುಂದೆ, ಅವಳು ಹಿಂದೆ. ಅಂದಿನಿಂದ ಪಂಪಮ್ಮ ಹಿತ್ತಿಲ ಬಾಗಿಲಿಗೆ ಬೀಗ ಹಾಕಿದಳು. ಗಾಡಿಯ ಸಾಮಾನು ಅಂಗಡಿಯಲ್ಲೇ ಇಳಿಯತೊಡಗಿತು.

ಆ ಅಧ್ಯಾಯ ಮುಗಿಯಿತು. ಮುಗಿದ ದಿನ ಜಗದಾಂಬ ಪುಸ್ತಕ ಮುಚ್ಚಿ, ಹೊರಡಲಾ ಎಂದು ಕೇಳಿದಳು. ಹಾಲೇಶಪ್ಪ ಕೈ ಚಾಚಿ ಪುಸ್ತಕದ ದಪ್ಪವನ್ನು ಬೆರಳಲ್ಲಿ ಅಳೆದ. ಉಳಿದದ್ದು ಒಂದೇ ಅಧ್ಯಾಯ, ಅದೇ ಪುಸ್ತಕದ ಪ್ರಾಣ, ಈಗ ಬಿಟ್ಟರೆ ಸಂಕ್ರಾಂತಿಗೆ ಆಗುವುದಿಲ್ಲ ಅಂದ. ನಿನ್ನ ತಾಯಿ ಇಷ್ಟು ದಿನ ತಡೆದವಳು ಇನ್ನಷ್ಟು ದಿನ ತಡೆಯುತ್ತಾಳೆ ಅಂದ. ಬೇಸರವಾಗಲಿ, ಕೋಪವಾಗಲಿ ಇಲ್ಲದೆ ಅಂದ. ಆ ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು, ಅದೇ ಕಷ್ಟ.

ಮಾರಯ್ಯನ ಗಾಡಿ ಮತ್ತೆ ಬಂದು ಹೋಯಿತು. ಆ ದಿನ ಬೆಳಿಗ್ಗೆ ಕುಟ್ಟುವ ಸದ್ದು ಕೇಳಿತ್ತು. ಅತ್ತೆ ಏನೋ ಮಸಾಲೆ ಮಾಡುತ್ತಿದ್ದಾಳೆಂದು ಜಗದಾಂಬ ಪಡಸಾಲೆಯಲ್ಲಿ ಓದುತ್ತಾ ಅಂದುಕೊಂಡಳು. ಸಂಜೆ ಪಂಪಮ್ಮ ಒಂದು ಗಂಟು ತಂದು ಅವಳ ಮಡಿಲಿಗೆ ಹಾಕಿದಳು.

"ನಿಮ್ಮವ್ವ ಕಳ್ಸ್ಯಾಳೆ. ಈಗ ಎಷ್ಟೋ ವಾಸಿಯಂತೆ. ಎದ್ದು ಓಡಾಡ್ತಾಳಂತೆ."

ಜಗದಾಂಬಳ ಕಣ್ಣು ತುಂಬಿ ಬಂತು. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿಬಿಟ್ಟಳು. ಅವ್ವನ ಹಳೆಯ ಸೀರೆಯದೇ ತುಂಡು, ಅದೇ ನೀಲಿ ಅಂಚು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಬಿಸಿ ರೊಟ್ಟಿಯ ಮೇಲೆ ಪುಡಿ ಹಾಕಿ, ಎಣ್ಣೆ ಬಿಟ್ಟುಕೊಂಡು, ಒಲೆಯ ಮುಂದೆಯೇ ಕೂತು ಮೊದಲ ತುತ್ತು ಬಾಯಿಗಿಟ್ಟಳು.

ಪುಡಿಯಲ್ಲಿ ಬೆಲ್ಲ ಬಿದ್ದಿತ್ತು.

ಅವ್ವನ ಚಟ್ನಿಪುಡಿಗೆ ಯಾವತ್ತೂ ಬೆಲ್ಲ ಬೀಳುತ್ತಿರಲಿಲ್ಲ. ಬೆಲ್ಲ ಹಾಕಿದರೆ ಗುರೆಳ್ಳು ಮುಗ್ಗುತ್ತದೆ ಎಂದು ಅವ್ವ ಬಯ್ಯುತ್ತಿದ್ದಳು. ಬೆಲ್ಲದ ಚೂರು ಹಾಕದೆ ಪಂಪಮ್ಮನ ಕೈಗೆ ಯಾವ ಪುಡಿಯೂ ಆಗುತ್ತಿರಲಿಲ್ಲ, ಹುರುಳಿ ಸಾರಿಗೂ ಅವಳು ಬೆಲ್ಲ ಹಾಕುವವಳೇ. ಎಷ್ಟು ಜೋಪಾನವಾಗಿ ಎಲ್ಲ ಮಾಡಿದ್ದಳು, ಹಳೆಯ ಗಂಟಿನ ಬಟ್ಟೆಯನ್ನು ಎತ್ತಿಟ್ಟಿದ್ದಳು, ಅವ್ವನ ಹಾಗೆಯೇ ಎರಡು ಗಂಟು ಹಾಕಿದ್ದಳು. ಬೆಲ್ಲ ಮಾತ್ರ ಕೈ ಅಭ್ಯಾಸದಲ್ಲಿ ಬಿದ್ದುಹೋಯಿತು. ಜಗದಾಂಬ ಆ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು.

ಮರುದಿನ ಬೀಸಲು ಬರುವ ನನ್ನಿವಾಳದ ಲಕ್ಷ್ಮಕ್ಕನನ್ನು ಹಿಡಿದು ಕೇಳಿದಳು. ನಮ್ಮವ್ವ ಇದ್ದಾಳಾ ಎಂದು ಮಾತ್ರ ಕೇಳಿದಳು. ಲಕ್ಷ್ಮಕ್ಕ ಬೀಸುಕಲ್ಲಿನ ಗೂಟ ಬಿಟ್ಟು ತಲೆ ತಗ್ಗಿಸಿದಳು. ಹೇಳಿದರೆ ಕೆಲಸ ಬಿಡಿಸುತ್ತೇವೆ ಅಂದಿದ್ದಾರೆ ಎಂದು ಅತ್ತಳು, ಆಮೇಲೆ ಹೇಳಿದಳು. ಅವ್ವ ಲಿಂಗೈಕ್ಯಳಾಗಿ ಆಗಲೇ ಹದಿಮೂರು ದಿನ. ಸುದ್ದಿ ಹೇಳಲು ಮಾರಯ್ಯ ಆಗಲೇ ರಾತ್ರಿಯೂ ಗಾಡಿ ನಿಲ್ಲಿಸದೆ ಓಡಿ ಬಂದಿದ್ದನಂತೆ. ಮಗಳ ಕೈಯ ಹಿಡಿ ಮಣ್ಣಿಗೆಂದು ಮೊಳಕಾಲ್ಮುರಿನಲ್ಲಿ ಮೂರನೆಯ ದಿನದವರೆಗೂ ಕಾದು, ಆಮೇಲೆ ಕೂರಿಸಿ ಮಣ್ಣು ಮಾಡಿದರಂತೆ. ಪೇಟೆಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ದಿನಗಳಲ್ಲಿ ಎಷ್ಟು ಜನ ಹೆಂಗಸರು ಮಜ್ಜಿಗೆ, ಹೆಪ್ಪು, ಬೆಂಕಿ ಕೇಳಿಕೊಂಡು ಬಂದು, ಅವಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿ ಹೋಗಿದ್ದರು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ.

"ಬೀಸ್ತಾ ಕೂತಿದ್ದೆ, ಗೋಡೆಯಾಚೆ ಕೇಳ್ತಿತ್ತು. ಯಜಮಾನ್ರು ಹೇಳಿಬಿಡಣ ಅಂದ್ರು ಕಣವ್ವ. ನಿನ್ನ ಗಂಡಾನೇ ಬ್ಯಾಡ ಅಂದಿದ್ದು. ಈಗ ಹೇಳಿದ್ರೆ ಅವಳ ಗಂಟಲು ನಡುಗ್ತೈತೆ, ಓದು ಕೆಡ್ತೈತೆ, ಅಧ್ಯಾಯ ಮುಗೀಲಿ ಅಂದ. ಅದಕ್ಕೆ ಯಜಮಾನ್ರೂ ಹೂಂ ಅಂದ್ರು. ನಮ್ಮಾಗೆ ಸೂತಕ ಇಲ್ಲವಲ್ಲ, ಇವತ್ತು ಗೊತ್ತಾದ್ರೂ ಒಂದೇ, ನಾಳೆ ಗೊತ್ತಾದ್ರೂ ಒಂದೇ ಅಂದ್ರು."

ಅದೂ ನಿಜವೇ. ಬೇರೆಯವರ ಮನೆಯಾಗಿದ್ದರೆ ಸಾವನ್ನು ಹೀಗೆ ಅಡಗಿಸಲು ಬರುತ್ತಿರಲಿಲ್ಲ. ತಲೆಗೆ ನೀರು, ಮೈಲಿಗೆ, ಮುಟ್ಟು ತಟ್ಟು, ಯಾವುದಾದರೊಂದು ಕಡೆ ಸಿಕ್ಕಿಬೀಳುತ್ತಿತ್ತು. ಲಿಂಗ ಕಟ್ಟಿದವರಿಗೆ ಸಾವಿನ ಸೂತಕವಿಲ್ಲ. ಸತ್ತವರನ್ನು ಮೈಲಿಗೆ ಅನ್ನಬಾರದು, ಸಾವಿಗೆ ಹೆದರಬಾರದು ಎಂದು ಹಿಂದಿನವರು ಕಂಡುಕೊಂಡ ದೊಡ್ಡ ಮಾತು ಅದು. ಮುರುಗೇಂದ್ರಪ್ಪನ ಮನೆಯಲ್ಲಿ ಅದು ಹೀಗೆ ಉಪಯೋಗಕ್ಕೆ ಬಂತು.

ಜಗದಾಂಬ ಅಳಲಿಲ್ಲವೇ ಎಂದು ಕೇಳಬೇಡಿ. ದನದ ಕೊಟ್ಟಿಗೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಪಡಸಾಲೆಗೆ ಹೋಗಿ ಪುಸ್ತಕ ಬಿಡಿಸಿದಳು. ಗಂಟಲು ನಡುಗಲಿಲ್ಲ. ಅಜ್ಜಪ್ಪ ಒಂದು ಸಲ ಅವಳ ಕಣ್ಣು ನೋಡಿದವನು ಆಮೇಲೆ ಕಾಗದ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಆ ದಿನವೇ ಹಾಲೇಶಪ್ಪನಿಗೆ, ಹಿಂದಿನ ಅಧ್ಯಾಯದಲ್ಲಿ ಜಾಗ ಬಿಟ್ಟು ಹುಡುಕುತ್ತಿದ್ದ ಆ ಮಾತು ಸಿಕ್ಕಿತು. ಅವಳು ಓದಿದ ಒಂದು ಸಾಲು ಕೇಳಿ ಅವನು ಬೆತ್ತ ಕೆಳಗಿಟ್ಟ. ಇನ್ನೊಬ್ಬನ ನೋವಿನ ಮುಂದೆ ನಾನು ನೀನು ಎಂಬ ಗೋಡೆ ಬಿದ್ದುಹೋಗುತ್ತದೆ ಎಂದು ತಮ್ಮನಿಗೆ ಬಿಡಿಸಿ ಹೇಳುತ್ತಾ ಹೇಳುತ್ತಾ ಅವನ ಕುರುಡು ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಎಂಥ ಮನುಷ್ಯ, ಎಂಥ ಹೃದಯ ಎಂದು ಆ ಜರ್ಮನಿಯವನನ್ನು ನೆನೆದು ಬಿಕ್ಕಿದ. ಜಗದಾಂಬ ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಗಂಡ ಅಳುವುದನ್ನು ನೋಡುತ್ತಾ ಕೂತಳು. ಅವನು ಕಣ್ಣು ಒರೆಸಿಕೊಂಡು ಮುಂದೆ ಓದು ಅಂದ. ಮುಂದೆ ಓದಿದಳು.

ಸಂಕ್ರಾಂತಿಯ ಹಿಂದಿನ ದಿನ ಪುಸ್ತಕ ಮುಗಿಯಿತು. ದೊರೆಯ ಜವಾನ ಬಂದು ಕಾಗದದ ಕಟ್ಟನ್ನು ಒಯ್ದ. ಆ ಸಂಜೆ ಮುರುಗೇಂದ್ರಪ್ಪ ಎಲ್ಲರನ್ನೂ ಕೂರಿಸಿ, ಸೊಸೆಯನ್ನು ಕರೆದು, ಗಂಟಲು ಸರಿಮಾಡಿಕೊಂಡು, ಮನಸ್ಸು ಗಟ್ಟಿ ಮಾಡ್ಕೊ ತಾಯಿ ಎಂದು ಶುರು ಮಾಡಿದ.

"ಗೊತ್ತೈತೆ ಮಾವ" ಅಂದಳು ಜಗದಾಂಬ. "ಎಲೆ ಹಾಕ್ಲಾ?"

ಎಲ್ಲರೂ ಎಲೆಯ ಮುಂದೆ ಕೂತು ಉಂಡರು. ಪಂಪಮ್ಮ ಮಾತ್ರ, ಎಂಥ ಕಲ್ಲೆದೆಯವಳು ನೋಡು, ಹೆತ್ತವಳು ಸತ್ತದ್ದು ಗೊತ್ತಿದ್ದೂ ಇಷ್ಟು ದಿನ ಮೂರು ಹೊತ್ತು ಉಂಡಳಲ್ಲ ಎಂದು ಆಮೇಲೆ ಬೀದಿಯಲ್ಲಿ ಹೇಳಿಕೊಂಡು ಬಂದಳು.

ಈಗ ಮೊಳಕಾಲ್ಮುರಿಗೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಮಾರಯ್ಯನ ಗಾಡಿಯಲ್ಲಿ ತಳಕು ದಾಟಿ, ಹಾನಗಲ್ಲು ದಾಟಿ, ಒಂದೂವರೆ ದಿನದ ದಾರಿ. ತವರಿನ ಬಾಗಿಲಲ್ಲಿ ಅಣ್ಣ ಯರ್ರಪ್ಪ ನಿಂತಿದ್ದ. ಬಾ ಅನ್ನಲಿಲ್ಲ.

"ನಿನ್ನ ಕೆಲಸ ಮುಗೀತೇನವ್ವ? ಪುರುಸೊತ್ತಾತಾ?"

"ನನ್ನ ಕೆಲಸ ಏನೈತಣ್ಣಾ, ಅವರು ಬಿಡಲಿಲ್ಲ."

"ನೀನೇ ಹೇಳಿ ಕಳ್ಸಿದ್ದಲ್ಲ, ದೊರೆ ಕೆಲಸ ಐತೆ, ಮುಗಿಯೋತನಕ ಬರಾಕಾಗಲ್ಲ ಅಂತ. ಅವ್ವ ಅದನ್ನ ಕೇಳಿದ ಮ್ಯಾಲೆ ಗಾಡಿ ಸದ್ದಾದ್ರೆ ತಲೆ ಎತ್ತಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೋಳು ಹಂಗೇ ಹೋದ್ಲು."

ಜಗದಾಂಬ ತಿರುಗಿ ಮಾರಯ್ಯನನ್ನು ನೋಡಿದಳು. ಮಾರಯ್ಯ ಎತ್ತಿನ ಕೊರಳಹಗ್ಗ ಬಿಚ್ಚುತ್ತಾ, ನಿಮ್ಮ ಮಾವ ಹಂಗೇ ಹೇಳು ಅಂದ್ರವ್ವ, ನಾನು ಬಾಡಿಗೆ ಗಾಡಿಯವನು ಎಂದು ಗೊಣಗಿದ. ಅವಳು ಹೇಳಿದ್ದನ್ನು ಅಣ್ಣ ನಂಬಿದನೋ ಇಲ್ಲವೋ. ನಂಬಿದರೂ ಅವ್ವನಿಗೆ ತಿಳಿಸುವಂತಿರಲಿಲ್ಲ. ಸಮಾಧಿಯ ಮೇಲಿನ ಮಣ್ಣು ಆಗಲೇ ಒಣಗಿ ಬಿರಿದಿತ್ತು. ಒಂದು ಹಿಡಿ ಮಣ್ಣು ಹಾಕಿದಳು, ಗಾಳಿಗೆ ಅರ್ಧ ಹಾರಿ ಅವಳ ಸೀರೆಯ ಮೇಲೇ ಬಿತ್ತು. ಅತ್ತಿಗೆ ಒಂದು ಹೊತ್ತು ಊಟ ಹಾಕಿದಳು, ಎರಡನೆಯ ಹೊತ್ತಿಗೆ ಒಲೆ ಹಚ್ಚಲಿಲ್ಲ. ಜಗದಾಂಬ ಅದೇ ಗಾಡಿಯಲ್ಲಿ ಚಳ್ಳಕೆರೆಗೆ ಹಿಂದಿರುಗಿದಳು. ಇನ್ನೆಲ್ಲಿಗೆ ಹೋಗುತ್ತಾಳೆ?

ಬಂದವಳು ಯಾರಿಗೂ ಎದುರು ಮಾತಾಡಲಿಲ್ಲ. ರೊಟ್ಟಿ ಬಡಿದಳು, ಗಂಡನಿಗೆ ನೀರು ತೋಡಿ ಕೊಟ್ಟಳು, ಅತ್ತೆಯ ಬೆಲ್ಲದ ಸಾರು ಉಂಡಳು. ಸೊಸೆ ತಿದ್ದಿಕೊಂಡಳೆಂದು ಮುರುಗೇಂದ್ರಪ್ಪನಿಗೆ ಸಮಾಧಾನವಾಯಿತು. ಪಂಪಮ್ಮ ಹಿತ್ತಿಲ ಬೀಗ ತೆಗೆದಳು. ಹಾಲೇಶಪ್ಪನಿಗೆ ಪುಸ್ತಕದ್ದೇ ಧ್ಯಾನ. ಹಡಗು ಮುಟ್ಟಿರಬೇಕು, ಅಚ್ಚಿನ ಮೊಳೆ ಜೋಡಿಸುತ್ತಿರಬೇಕು, ಮೊದಲ ಪುಟದಲ್ಲಿ ತತ್ವಜ್ಞಾನಿಯ ಹೆಸರು, ಅದರ ಕೆಳಗೆ ನನ್ನದು, ಅದರ ಕೆಳಗೆ ಚಳ್ಳಕೆರೆ, ಮೈಸೂರು ಸೀಮೆ ಎಂದು ದಿನವೂ ಹೇಳುತ್ತಿದ್ದ. ಒಂದೊಂದು ಸಲ ಗಾಳಿಯಲ್ಲಿ ಬೆರಳಾಡಿಸಿ ಎಲ್ಲಿ ಏನಿರುತ್ತದೆಂದು ತೋರಿಸುತ್ತಿದ್ದ. ಅವನ ಇಡೀ ಜೀವ ಆ ಬೆರಳಿನ ತುದಿಯಲ್ಲಿತ್ತು. ಜಗದಾಂಬ ಅದನ್ನು ಚೆನ್ನಾಗಿ ನೋಡಿಕೊಂಡಳು.

ಮರುವರ್ಷ ಯುಗಾದಿ ಕಳೆದ ಮೇಲೆ ಟಪಾಲಿನಲ್ಲಿ ಪುಸ್ತಕ ಬಂತು. ಅಂಗಡಿಯಲ್ಲಿ ಬಿಚ್ಚಿ ನೋಡಿದ ಅಜ್ಜಪ್ಪ ಪಡಸಾಲೆಗೆ ಹೋಗಲಿಲ್ಲ, ಹಿತ್ತಿಲಿನಿಂದ ಅಡುಗೆಮನೆಗೆ ಬಂದ. ತತ್ವಜ್ಞಾನಿಯ ಹೆಸರಿದೆ, ಇಂಗ್ಲಿಷಿಗೆ ತಂದವನೆಂದು ಪ್ರೆಸ್ಕಾಟ್ ದೊರೆಯ ಹೆಸರಿದೆ, ಅಣ್ಣನ ಹೆಸರು ಎಲ್ಲೂ ಇಲ್ಲ ಅಂದ. ಮುನ್ನುಡಿಯ ಕೊನೆಯಲ್ಲಿ, ಪ್ರತಿ ಮಾಡಿಕೊಟ್ಟ ಒಬ್ಬ ದೇಶೀ ಗುಮಾಸ್ತನಿಗೆ ಉಪಕಾರ ಅಂತ ಒಂದು ಸಾಲಿದೆಯಷ್ಟೆ.

"ಅಣ್ಣಂಗೆ ಹೆಂಗೆ ಹೇಳದು ಅತ್ತಿಗೆ? ಎದೆ ಒಡ್ಕಂಡು ಸಾಯ್ತಾನೆ."

ಜಗದಾಂಬ ಹಿಟ್ಟಿನ ಕೈ ತೊಳೆದುಕೊಂಡಳು.

"ಹೇಳಬ್ಯಾಡ" ಅಂದಳು. "ಅವತ್ತು ಮಾರಯ್ಯ ಸುದ್ದಿ ತಂದಾಗ ಅಂಗಡಿಯಾಗೆ ನೀನೇ ಇದ್ದೆ. ಸುಮ್ಮನಿರಾಕೆ ಬಂತು. ಇವತ್ತೂ ಹಂಗೇ ಸುಮ್ಮನಿರು."

ಅವಳೇ ಪುಸ್ತಕ ತೆಗೆದುಕೊಂಡು ಪಡಸಾಲೆಗೆ ನಡೆದಳು. ಹಾಲೇಶಪ್ಪ ಅದನ್ನು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ, ಮೂಸಿದ, ಕೆನ್ನೆಗೆ ಒತ್ತಿಕೊಂಡ. ಹೆಸರು ಐತಾ ಎಂದು ತಮ್ಮನನ್ನು ಕೇಳಿದ. ಬಾಗಿಲಲ್ಲಿ ನಿಂತಿದ್ದ ಅಜ್ಜಪ್ಪ ಅತ್ತಿಗೆಯ ಮುಖ ನೋಡಿ, ಐತೆ ಅಣ್ಣ ಅಂದ. ಎಲ್ಲಿ, ತೋರ್ಸು ಎಂದು ಹಾಲೇಶಪ್ಪ ಹೆಂಡತಿಗೆ ಕೈ ಕೊಟ್ಟ. ಜಗದಾಂಬ ಅವನ ತೋರುಬೆರಳು ಹಿಡಿದು ಮೊದಲ ಪುಟದ ನಡುವೆ, ಏನೂ ಇಲ್ಲದ ಬಿಳಿಯ ಜಾಗದಲ್ಲಿ ಇಟ್ಟಳು.

ಅಂದಿನಿಂದ ಅದೊಂದು ಅಭ್ಯಾಸವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿದೊಡನೆ ಹಾಲೇಶಪ್ಪ ಪುಸ್ತಕ ತೆರೆದು ಆ ಜಾಗವನ್ನು ಸವರುತ್ತಿದ್ದ. ಅಂಚಿನಿಂದ ಎಷ್ಟು ಬೆರಳು, ಮೇಲಿನಿಂದ ಎಷ್ಟು ಬೆರಳು ಎಂದು ಲೆಕ್ಕ ಹಿಡಿದುಕೊಂಡ. ಯಾರ ಸಹಾಯವೂ ಇಲ್ಲದೆ ಸರಿಯಾಗಿ ಅಲ್ಲಿಗೇ ಬೆರಳಿಡಲು ಕಲಿತ. ಅವನು ತಪ್ಪಿದಾಗ ಜಗದಾಂಬ ತಿದ್ದುತ್ತಿದ್ದಳು. ಅವಳ ಕೈಯಲ್ಲಿ ಬೆತ್ತವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮುರುಗೇಂದ್ರಪ್ಪ ಸುಮ್ಮನಿರುತ್ತಾನೆಯೇ? ಅಮಲ್ದಾರರನ್ನು, ಮಠದ ಅಯ್ಯನವರನ್ನು, ಪೇಟೆಯ ದೊಡ್ಡವರನ್ನೆಲ್ಲ ಊಟಕ್ಕೆ ಕರೆದ. ಅಮಲ್ದಾರರು ತಮ್ಮ ಪೈಕಿಯವರೇ ಆದ್ದರಿಂದ ಪಂಕ್ತಿಗೆ ಕೂರಲು ಅಡ್ಡಿಯಿರಲಿಲ್ಲ. ಅಜ್ಜಪ್ಪ ವ್ಯಾಪಾರದ ನೆವ ಹೇಳಿ ಊರು ಬಿಡಲು ನೋಡಿದ, ಅಪ್ಪ ಬಿಡಲಿಲ್ಲ. ಹಿಂದಿನ ಸಂಜೆ ಅವನು ಅಡುಗೆಮನೆಗೆ ಬಂದು, ಬ್ಯಾಡ ಅತ್ತಿಗೆ, ಇದು ಬ್ಯಾಡ ಎಂದು ಕೈಮುಗಿದ. ಹಾಗಾದರೆ ನೀನೇ ಹೋಗಿ ಹೇಳು ಅಂದಳು. ಅವನು ಹೋಗಲಿಲ್ಲ. ಜಗದಾಂಬ ಹೂರಣ ರುಬ್ಬಿದಳು. ಅತ್ತೆ ಹೇಳುವ ಮುಂಚೆಯೇ ಬೆಲ್ಲ ಕೈತುಂಬ ಹಾಕಿದಳು.

ಎಲೆ ಹಾಕಿ ಹೋಳಿಗೆ ಬಡಿಸಿಯಾಯಿತು. ತುತ್ತೆತ್ತುವ ಮುಂಚೆ ಪುಸ್ತಕ ನೋಡಲಿ ಎಂದು ಮುರುಗೇಂದ್ರಪ್ಪನ ಆಸೆ. ಹಾಲೇಶಪ್ಪ ಜರಿಯ ರುಮಾಲು ಸುತ್ತಿ, ಪುಸ್ತಕ ಎದೆಗವಚಿ ಬಂದು ಅಮಲ್ದಾರರ ಪಕ್ಕದಲ್ಲಿ ಕೂತ. ತಾನೇ ಪುಟ ತೆಗೆದ. ಬೆರಳು ಒಂದು ಸಲವೂ ತಡವರಿಸದೆ ಹೋಗಿ ಅದೇ ಜಾಗದಲ್ಲಿ ನಿಂತಿತು.

"ಇಲ್ಲಿ ನೋಡ್ರಿ ಸ್ವಾಮಿ. ಗಟ್ಟಿಯಾಗಿ ಓದ್ರಿ, ಎಲ್ಲರೂ ಕೇಳ್ಲಿ."

ಅಮಲ್ದಾರರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನೋಡಿದರು. ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು. ಮುನ್ನುಡಿಯನ್ನು ತುಟಿಯಲ್ಲೇ ಓದಿಕೊಂಡರು.

"ಹಾಲೇಶಪ್ಪನವರೇ, ಇಲ್ಲಿ ಏನೂ ಇಲ್ಲ. ಬರೀ ಕಾಗದ. ಅನುವಾದ ಮಾಡಿದವರು ಪ್ರೆಸ್ಕಾಟ್ ಅಂತ ಮೇಲಿದೆ. ಒಳಗೆ ಯಾರೋ ಗುಮಾಸ್ತನ ಮಾತು ಬಂದಿದೆ, ಅವನ ಹೆಸರೂ ಹಾಕಿಲ್ಲ."

ಹಾಲೇಶಪ್ಪನ ಬೆರಳು ಮತ್ತೆ ಬಂದು ಅದೇ ಜಾಗವನ್ನು ಹುಡುಕಿತು. ಸವರಿತು. ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಅವನು ತಮ್ಮನ ಹೆಸರು ಹಿಡಿದು ಕರೆದ. ಆಮೇಲೆ ಹೆಂಡತಿಯ ಬಳೆಯ ಸದ್ದು ಎಲ್ಲಿದೆಯೋ ಆ ಕಡೆ ಮುಖ ತಿರುಗಿಸಿದ.

"ಜಗದಾಂಬಾ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ, ಪುಸ್ತಕ ಬಂದ ದಿನಾನೇ" ಅಂದಳು ಜಗದಾಂಬ, ತುಪ್ಪದ ಗಿಂಡಿ ಕೈಯಲ್ಲಿ ಹಿಡಿದು. "ಆಗಲೇ ಹೇಳಿದ್ರೆ ನಿಮ್ಮ ಗಂಟಲು ನಡುಗ್ತಿತ್ತು. ಮುಗೀಲಿ ಅಂತ ಸುಮ್ಮನಿದ್ದೆ."

ತಾನು ಯಾವತ್ತೋ ಬಾಗಿಲು ಹಾಕಿಕೊಂಡು ಆಡಿದ ಮಾತು ತಿರುಗಿ ಬಂದದ್ದು ಹಾಲೇಶಪ್ಪನಿಗೆ ತಿಳಿಯಿತು. ಮುರುಗೇಂದ್ರಪ್ಪ ಎದ್ದು ನಿಂತ. ಇಷ್ಟು ಜನರ ಮುಂದೆ ಮನೆಯ ಮರ್ಯಾದೆ ಎಂದು ಏನೋ ಹೇಳಹೊರಟ.

"ಕೂತ್ಕೊಳ್ರಿ ಮಾವ" ಅಂದಳು ಅವಳು. "ನಮ್ಮಾಗೆ ಸೂತಕ ಇಲ್ಲವಲ್ಲ. ಎಲೆ ಮುಂದಿಂದ ಯಾಕೆ ಏಳ್ತೀರಾ?"

ಆಮೇಲೆ ಬಗ್ಗಿ, ಅಮಲ್ದಾರರ ಎಲೆಯಿಂದ ಶುರುಮಾಡಿ, ಪಂಕ್ತಿಯ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳುತ್ತಾ ಹೋಳಿಗೆಗೆ ತುಪ್ಪ ಹಾಕುತ್ತಾ ಹೋದಳು.